ಸಂತೆ ಇಲ್ಲದ ಸಂತೆಮಾಳ

ಬರೆಯದೆ ಬಹಳ ದಿನ ಆಯ್ತು. ಸೋಮಾರಿತನ ಅಷ್ಟೇ, ಬೇರೆ ದೊಡ್ಡ ಕಾರಣ ಏನೂ ಇಲ್ಲ. ಕಳೆದ ನವೆಂಬರಿನಲ್ಲಿ ಆಫೀಸಿನ ಕೆಲಸದ ಮೇಲೆ ಎರಡು ವಾರ ಮೆಕ್ಸಿಕೋ ನಗರದಲ್ಲಿದ್ದೆ. ಅಲ್ಲಿ ನೋಡಿದ್ದರಲ್ಲಿ ಒಂದು ಜಾಗ ಮಾತ್ರ ಇನ್ನೂ ತಲೆಯಿಂದ ಇಳೀತಾ ಇಲ್ಲ. ಅದನ್ನಾದರೂ ಬರೆದು ಹಾಕೋಣ ಅಂತ ಕೂತಿದ್ದೇನೆ.

ಶುರುವಾಗಿದ್ದು ಅಲ್ಲಿನ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಮ್ಮಿನಲ್ಲಿ. ಅಜ್ಟೆಕ್ ವಿಭಾಗಕ್ಕೆ ಹೋದವರೆಲ್ಲ ಆ ಪ್ರಸಿದ್ಧ ಸೂರ್ಯಶಿಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ ಅನ್ನಿ. ಆದರೆ ಅದೇ ವಿಭಾಗದಲ್ಲಿ ಒಂದು ಸಂತೆಯ ಮಾದರಿ ಇದೆ. ನವರಾತ್ರಿಗೆ ಗೊಂಬೆ ಕೂರಿಸುವವರು ಯಾರಾದರೂ ನೋಡಿದರೆ ಅಲ್ಲಿಂದ ಏಳುವುದೇ ಇಲ್ಲ! ಸಾಲುಸಾಲಾಗಿ ಕೂತ ಪುಟ್ಟ ಪುಟ್ಟ ಮನುಷ್ಯರು, ಅವರ ಮುಂದೆ ಗುಡ್ಡೆ ಹಾಕಿದ ಸಾಮಾನು, ಕೊಳ್ಳಲು ಬಂದವರು, ಹೊರೆ ಹೊತ್ತವರು. ತ್ಲಾತೆಲೋಲ್ಕೋ ಎಂಬ ಊರಿನ ಮಾರುಕಟ್ಟೆ, 500 ವರ್ಷ ಹಿಂದೆ ಹೀಗಿತ್ತು ಅಂತ. ಊರು ಎಲ್ಲಿದೆ ಅಂತ ನೋಡಿದರೆ ಮೆಟ್ರೋ ಮೂರನೇ ಲೈನಿನಲ್ಲಿ ಅದೇ ಹೆಸರಿನ ಸ್ಟೇಷನ್ನೇ ಇದೆ! ಭಾನುವಾರ ಬೆಳಿಗ್ಗೆ ಹೊರಟೆ.

ಸ್ಟೇಷನ್ನಿನಿಂದ ಹೊರಗೆ ಬಂದರೆ ಅಪಾರ್ಟ್‌ಮೆಂಟುಗಳ ಕಾಡು. 1964ರಲ್ಲಿ ಉದ್ಘಾಟನೆಯಾದ ಭಾರೀ ವಸತಿ ಬಡಾವಣೆ ಇದು, ಮಾರಿಯೋ ಪಾನಿ ಎಂಬ ವಾಸ್ತುಶಿಲ್ಪಿಯ ಯೋಜನೆ. ಬಟ್ಟೆ ಒಣಹಾಕಿದ ಬಾಲ್ಕನಿಗಳು, ನಾಯಿ ಸುತ್ತಾಡಿಸುವ ಮುದುಕರು. ಇವುಗಳ ಮಧ್ಯೆ ಹತ್ತು ನಿಮಿಷ ನಡೆದರೆ ನೆಲ ತಟ್ಟನೆ ಕೆಳಗಿಳಿಯುತ್ತೆ. ಅಲ್ಲಿ ಕಾಣುತ್ತವೆ ಕಪ್ಪು-ಕೆಂಪು ಜ್ವಾಲಾಮುಖಿ ಕಲ್ಲಿನ ಜಗತಿಗಳು, ಮೆಟ್ಟಿಲುಗಳು. ಒಂದು ದೇಗುಲವನ್ನು ಸುತ್ತುವರಿದು ಇನ್ನೂ ದೊಡ್ಡದು, ಅದನ್ನೂ ಸುತ್ತುವರಿದು ಮತ್ತೊಂದು... ಈರುಳ್ಳಿ ಹೆಚ್ಚಿದ ಹಾಗೆ ಪದರ ಪದರ. ಅದರ ಬೆನ್ನಿಗೇ 17ನೇ ಶತಮಾನದ ಶುರುವಿನಲ್ಲಿ ಕಟ್ಟಿ ಮುಗಿಸಿದ ಸಾಂತಿಯಾಗೋ ಚರ್ಚು. ಕೆಡವಿದ ದೇಗುಲದ ಕಲ್ಲುಗಳೇ ಅದರ ಗೋಡೆ. ಅದರಾಚೆಗೆ ಹಿಂದೆ ವಿದೇಶಾಂಗ ಇಲಾಖೆಯದಾಗಿದ್ದು ಈಗ ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಾಂಸ್ಕೃತಿಕ ಕೇಂದ್ರವಾಗಿರುವ ಎತ್ತರದ ಕಟ್ಟಡ. ಒಂದೇ ನೋಟಕ್ಕೆ ಮೂರು ಕಾಲ. ಅದಕ್ಕೇ ಇದಕ್ಕೆ ಮೂರು ಸಂಸ್ಕೃತಿಗಳ ಚೌಕ ಅಂತ ಹೆಸರು.

ಎಲ್ಲ ಸರಿ, ಸಂತೆ ಎಲ್ಲಿ?

ಹಂಪಿ ನೋಡಿದ ಕಣ್ಣು ನಮ್ಮದು. ವಿರೂಪಾಕ್ಷನ ಮುಂದೆ, ವಿಠ್ಠಲನ ಮುಂದೆ ಉದ್ದಕ್ಕೆ ಕಲ್ಲಿನ ಮಂಟಪಗಳ ಸಾಲು ನಿಂತಿರುತ್ತೆ, ಇಲ್ಲಿ ಬಜಾರಿತ್ತು ಅಂದರೆ ಮಗು ಕೂಡ ನಂಬುತ್ತೆ. ಇಲ್ಲಿ ಹಾಗೇನೂ ಇಲ್ಲ. ದೇವರ ಜಾಗ ಇದೆ, ಬಲಿಪೀಠ ಇದೆ, ತಿಥಿ ಲೆಕ್ಕದ ಚಿಹ್ನೆಗಳನ್ನು ಕೆತ್ತಿದ ಒಂದು ಚಂದದ ಗುಡಿ ಇದೆ. ಮಾರುಕಟ್ಟೆಯ ಬಯಲು ಊರಿನ ಅಡಿಗೆ ಹೋಗಿಬಿಟ್ಟಿದೆ. ಅಲ್ಲಿದ್ದ ಕಾವಲುಗಾರನನ್ನು ನನ್ನ ಹರಕು ಸ್ಪ್ಯಾನಿಷಿನಲ್ಲಿ ಮಾರುಕಟ್ಟೆ ಎಲ್ಲಿ ಅಂತ ಕೇಳಿದೆ. ಪಾಪ, ಇವನಿಗೇನೋ ತರಕಾರಿ ಬೇಕಿರಬೇಕು ಅಂದುಕೊಂಡು ದಕ್ಷಿಣದ ಕಡೆ ಕೈ ತೋರಿಸಿ, ಲಾಗುನಿಯಾಗೆ ಹೋಗು ಅಂದ :-)

ಹಾಗಾದರೆ ಆ ಮ್ಯೂಸಿಯಮ್ಮಿನವರಿಗೆ ಗೊಂಬೆ ಕೂರಿಸಲು ಇಷ್ಟೆಲ್ಲ ವಿವರ ಎಲ್ಲಿಂದ ಸಿಕ್ಕಿತು? ರೂಮಿಗೆ ಬಂದ ಮೇಲೂ ಈ ಪ್ರಶ್ನೆ ಬಿಡಲಿಲ್ಲ. ಊರಿಗೆ ಬಂದು ಒಂದಷ್ಟು ಓದಿದೆ. ಆ ಓದಿದ್ದೇ ಈ ಬರಹದ ಮುಕ್ಕಾಲು ಪಾಲು.

ಈಗಿನ ಮೆಕ್ಸಿಕೋ ನಗರ ಇರುವ ಕಡೆ ಆಗ ತೆಸ್ಕೋಕೋ ಅನ್ನುವ ದೊಡ್ಡ ಸರೋವರ ಇತ್ತು. ಅದರೊಳಗಿನ ದ್ವೀಪದಲ್ಲಿ ಎರಡು ಊರು. ದಕ್ಷಿಣಕ್ಕೆ ತೆನೋಚ್ತಿತ್ಲಾನ್, ಹುಟ್ಟಿದ್ದು 1325ರಲ್ಲಿ ಅಂತ ಪರಂಪರೆ ಹೇಳುತ್ತೆ. ಉತ್ತರಕ್ಕೆ ತ್ಲಾತೆಲೋಲ್ಕೋ, 1337. ಅದೇ ಜನ, ಅದೇ ನಾವಾತ್ಲ್ ಭಾಷೆ, ಅದೇ ದೇವರುಗಳು, ಬೇರೆ ಬೇರೆ ದೊರೆ. ಅಂದರೆ ದಾಯಾದಿಗಳು. ಮುಂದಿನದನ್ನು ನೀವೇ ಊಹಿಸಬಹುದು. ಅವರು ದಂಡಿನಲ್ಲಿ ಮುಂದು, ಇವರು ವ್ಯಾಪಾರದಲ್ಲಿ ಮುಂದು. 1473ರಲ್ಲಿ ತೆನೋಚ್ತಿತ್ಲಾನಿನ ದೊರೆ ಆಶಾಯಾಕತ್ಲ್ ದಂಡೆತ್ತಿ ಬಂದ. ಇಲ್ಲಿನ ದೊರೆ ಮೋಕಿವಿಷ್ ಅವನ ಭಾವ! ಅಕ್ಕ-ತಂಗಿಯನ್ನು ಕೊಟ್ಟ ಮನೆ, ಅವಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಮಾತೂ ಜಗಳದಲ್ಲಿ ಸೇರಿಕೊಂಡಿತ್ತು. ಮೋಕಿವಿಷ್ ತನ್ನ ದೇಗುಲದ ತುದಿಯಿಂದ ಬಿದ್ದು ಸತ್ತ. ನಾನು ಇಣುಕಿ ನೋಡುತ್ತಿದ್ದ ಈ ಮೆಟ್ಟಿಲುಗಳ ದೇಗುಲವೇ ಅದು. ಆಮೇಲೆ ತ್ಲಾತೆಲೋಲ್ಕೋಗೆ ದೊರೆಯಿಲ್ಲ, ಸಂತೆಯ ಸುಂಕದಲ್ಲಿ ಪಾಲು ದಕ್ಷಿಣಕ್ಕೆ. ಸಂತೆ ಮಾತ್ರ ನಿಲ್ಲಲಿಲ್ಲ, ಇನ್ನೂ ಬೆಳೆಯಿತು.

1519ರ ನವೆಂಬರ್ 8ರಂದು ಸ್ಪೇನಿನ ಎರ್ನಾನ್ ಕೋರ್ತೆಸ್ ಈ ದ್ವೀಪಕ್ಕೆ ಕಾಲಿಟ್ಟ. ಕೆಲವು ದಿನ ಕಳೆದು ಸಂತೆ ನೋಡಲು ಬಂದ. ಮುಂದಿನ ವರ್ಷ ಅಕ್ಟೋಬರ್ 30ರ ತಾರೀಖು ಹಾಕಿ ತನ್ನ ರಾಜನಿಗೆ ಬರೆದ ಪತ್ರದಲ್ಲಿ, ಇದು ನಮ್ಮ ಸಾಲಮಾಂಕಾ ಊರಿನ ಎರಡರಷ್ಟಿದೆ, ಸುತ್ತಲೂ ಕಂಬದ ಸಾಲು, ದಿನಾ 60,000ಕ್ಕೂ ಹೆಚ್ಚು ಜನ ಸೇರುತ್ತಾರೆ ಅಂದ. ರಾಜನನ್ನು ಒಲಿಸಿಕೊಳ್ಳಬೇಕಿದ್ದವನ ಲೆಕ್ಕ, ಸ್ವಲ್ಪ ಕಳೆದೇ ಓದಬೇಕು. ಆ ಕಾಲದ ಇನ್ನೊಬ್ಬ ಹೆಸರಿಲ್ಲದ ಬರಹಗಾರ ದಿನಕ್ಕೆ 20-25 ಸಾವಿರ, ಐದು ದಿನಕ್ಕೊಮ್ಮೆ ಬರುವ ದೊಡ್ಡ ಸಂತೆಗೆ 40-50 ಸಾವಿರ ಅಂತಾನೆ. ಅದೇ ಕಡಿಮೆಯೇ? ಅಂದ ಹಾಗೆ ಪೋರ್ಚುಗೀಸಿನ ಡೊಮಿಂಗೋ ಪಾಯೆಸ್ ನಮ್ಮ ವಿಜಯನಗರಕ್ಕೆ ಬಂದು ಬಜಾರುಗಳನ್ನು ಕಣ್ಣರಳಿಸಿ ನೋಡಿದ್ದು ಕೂಡ ಹೆಚ್ಚುಕಡಿಮೆ ಈ ವರ್ಷಗಳಲ್ಲೇ. ಭೂಮಿಯ ಎರಡು ಬದಿಯಲ್ಲಿ ಅಕ್ಕಪಕ್ಕದ ದೇಶದ ಇಬ್ಬರು ಒಂದೇ ಥರ ಬೆರಗಾಗಿದ್ದಾರೆ.

ಕೋರ್ತೆಸನ ಪಟ್ಟಿ ಓದಿದರೆ ನನಗಂತೂ ಊರ ಸಂತೆಯ ವಾಸನೆಯೇ ಬಂತು. ಒಂದೊಂದು ಸಾಮಾನಿಗೂ ಒಂದೊಂದು ಬೀದಿ. ಹಕ್ಕಿಗಳಿಗೆ ಒಂದು, ಬೇರು-ಸೊಪ್ಪಿನ ಔಷಧಿಗೆ ಒಂದು. ಜೇನು, ಹತ್ತಿ ನೂಲು, ಜಿಂಕೆ ಚರ್ಮ, ಮಡಕೆ, ಸುಣ್ಣ, ಇಟ್ಟಿಗೆ, ಮರ, ಗರಿ, ಚಿನ್ನ, ಚಿತ್ರ ಬರೆಯುವವರಿಗೆ ಬಣ್ಣ (ಈ ಬಣ್ಣವನ್ನು ನೆನಪಿಟ್ಟುಕೊಂಡಿರಿ, ಆಮೇಲೆ ಬರುತ್ತೆ). ಕ್ಷೌರಿಕರು, ದುಡ್ಡು ಕೊಟ್ಟು ಉಣ್ಣುವ ಮನೆಗಳು, ಕೂಲಿಗೆ ಹೊರೆ ಹೊರುವವರು. ತಕ್ಕಡಿ ಮಾತ್ರ ಇಲ್ಲ! ಎಲ್ಲವೂ ಎಣಿಕೆ ಅಥವಾ ಅಳತೆ, ನಮ್ಮ ಅಜ್ಜಿಯರ ಸೇರು-ಪಾವಿನ ಹಾಗೆ. ಹತ್ತು ಹನ್ನೆರಡು ನ್ಯಾಯಾಧೀಶರು ಒಂದು ಕಟ್ಟಡದಲ್ಲಿ ಕೂತು ಅಲ್ಲಿಂದಲ್ಲೇ ತೀರ್ಪು ಕೊಡುತ್ತಿದ್ದರು. ಸಂತೆಯೊಳಗೆ ಸುತ್ತುವ ಅಧಿಕಾರಿಗಳು ಸುಳ್ಳು ಅಳತೆ ಕಂಡರೆ ಆ ಮಾನವನ್ನು ಒಡೆದು ಹಾಕುತ್ತಿದ್ದರು.

ಕೋರ್ತೆಸನ ಸೈನಿಕ ಬೆರ್ನಾಲ್ ದಿಯಾಸ್ ಮುದುಕನಾದ ಮೇಲೆ ಬರೆದ ನೆನಪುಗಳು ಇದಕ್ಕಿಂತ ಪ್ರಾಮಾಣಿಕ ಅನ್ನಿಸಿತು. ಕುತ್ತಿಗೆಗೆ ಪಟ್ಟಿ ಹಾಕಿ ಉದ್ದನೆಯ ಗಳುಗಳಿಗೆ ಕಟ್ಟಿದ್ದ ಗುಲಾಮರನ್ನೂ ಅವನು ಬಿಟ್ಟಿಲ್ಲ. ಚರ್ಮ ಹದ ಮಾಡಲು ಬೇಕಂತ ದೋಣಿಗಟ್ಟಲೆ ಮನುಷ್ಯರ ಮಲವನ್ನು ಮಾರುತ್ತಿದ್ದದ್ದನ್ನೂ ಸಂಕೋಚಪಟ್ಟುಕೊಂಡೇ ಬರೆದಿದ್ದಾನೆ. ಅದನ್ನೆಲ್ಲ ಮರೆಸಿ ಬರೀ ಹೂವು ಹಣ್ಣಿನ ಸಂತೆ ಅಂತ ನಾನು ಬರೆದರೆ ತಪ್ಪಾಗುತ್ತೆ. ದೇಗುಲದ ಆವರಣದಲ್ಲಿ ಅಗೆದಾಗ ಚಿಕ್ಕ ಮಕ್ಕಳ ಮೂಳೆಗಳು ಸಿಕ್ಕಿವೆ, ಅವು ಬಲಿ ಕೊಟ್ಟ ಮಕ್ಕಳವು. ಅದರ ಫಲಕ ಓದಿ ನಾನು ಸ್ವಲ್ಪ ಹೊತ್ತು ಬೇರೆ ಕಡೆ ಹೋಗಿ ನಿಂತಿದ್ದೆ.

ದುಡ್ಡು ಏನು ಗೊತ್ತಾ? ಕೋಕೋ ಬೀಜ! ಚಾಕೊಲೇಟಿನ ಬೀಜವೇ ಚಿಲ್ಲರೆ ಕಾಸು. ಅವರದು ಇಪ್ಪತ್ತರ ಲೆಕ್ಕ. ಇಪ್ಪತ್ತು, ಇಪ್ಪತ್ತು ಇಪ್ಪತ್ತಲ ನಾನೂರು, ಅದರ ಇಪ್ಪತ್ತರಷ್ಟು ಎಂಟು ಸಾವಿರ. 8,000 ಬೀಜಕ್ಕೆ ಒಂದು ಚೀಲ, ಅಂಥ ಮೂರು ಚೀಲ ಒಬ್ಬ ಆಳಿನ ಹೊರೆ. ಸ್ಪೇನಿನವರು ಬಂದು ಗೆದ್ದು ಕಾಲು ಶತಮಾನವಾದರೂ ಈ ಕಾಸು ನಡೆಯುತ್ತಿತ್ತು. ತ್ಲಾಸ್ಕಾಲಾ ಎಂಬ ಊರಿನ 1545ರ ದರಪಟ್ಟಿಯೊಂದು ಉಳಿದಿದೆ. ಒಳ್ಳೆ ಹೆಣ್ಣು ಟರ್ಕಿ ಕೋಳಿಗೆ 100 ಬೀಜ, ದೊಡ್ಡ ಟೊಮೇಟೊಗೆ ಒಂದು, ಜೋಳದ ಕಡುಬಿಗೆ ಒಂದು. ಆವಕಾಡೋ, ಅಂದರೆ ನಮ್ಮ ಬೆಣ್ಣೆಹಣ್ಣು, ಆಗ ತಾನೇ ಕಿತ್ತದ್ದಾದರೆ ಮೂರು ಬೀಜ, ಪೂರ್ತಿ ಹಣ್ಣಾಗಿದ್ದರೆ ಒಂದೇ. ನಾಳೆಗೆ ಇಡಲು ಬರುವುದಿಲ್ಲವಲ್ಲ, ಅದಕ್ಕೆ!

ಕಾಸು ಇದ್ದ ಮೇಲೆ ಖೋಟಾ ಕಾಸು ಇಲ್ಲದೆ ಇರುತ್ತದೆಯೇ? ಕೋಕೋ ಸಿಪ್ಪೆಯ ಒಳಗಿನ ತಿರುಳು ತೆಗೆದು ದಂಟಿನ ಜಾತಿಯ ಕಾಳಿನ ಹಿಟ್ಟನ್ನೋ, ಮೇಣವನ್ನೋ, ಬೆಣ್ಣೆಹಣ್ಣಿನ ಬೀಜದ ಚೂರನ್ನೋ ತುಂಬಿ ಚಲಾಯಿಸುವವರಿದ್ದರು. ಬೀಜ ದಪ್ಪ ಕಾಣಲಿ ಅಂತ ನೀರಲ್ಲಿ ಉಬ್ಬಿಸುತ್ತಿದ್ದರು. ಒಳ್ಳೆ ಟೊಮೇಟೊ ಮಾರುವವಳು ಹೇಗಿರುತ್ತಾಳೆ, ಕೆಟ್ಟವಳು ಹೇಗೆ ಕೊಳೆತದ್ದನ್ನು ದಾಟಿಸುತ್ತಾಳೆ, ಹಳಸಿದ ಕಡುಬು ಮಾರುವವನು ಯಾರು, ಎಲ್ಲ ಬರೆದಿಟ್ಟಿದ್ದಾರೆ. ಇದನ್ನು ಓದುವಾಗಲೇ ನನಗೆ ಹೊಳೆದದ್ದು: ಇದು ಕುದುರೆ ಮೇಲೆ ಬಂದು ನೋಡಿಹೋದವನ ಕಣ್ಣಲ್ಲ. ಆ ಸಂತೆಯಲ್ಲಿ ಮೋಸ ಹೋದವರ ಮಾತು.

ಹೌದು, ಇದು ಅವರದೇ ಮಾತು. ಅದು ಹೇಗೆ ಉಳಿಯಿತು ಅನ್ನುವುದಕ್ಕೆ ಮೊದಲು 1521ನ್ನು ದಾಟಬೇಕು.

ಮೊದಲು ಸಿಡುಬು ಬಂತು, 1520ರಲ್ಲಿ. ಮರುವರ್ಷ ಕೋರ್ತೆಸ್ ಸುತ್ತಮುತ್ತಲಿನ ಊರುಗಳ, ಅಜ್ಟೆಕರ ಕಪ್ಪದಿಂದ ರೋಸಿಹೋಗಿದ್ದ ಸಾವಿರಾರು ಜನರ ಸೈನ್ಯ ಕಟ್ಟಿಕೊಂಡು ದ್ವೀಪವನ್ನು ಮುತ್ತಿದ. ತೆನೋಚ್ತಿತ್ಲಾನ್ ಬೀದಿ ಬೀದಿಯಾಗಿ ಉರುಳಿತು. ಉಳಿದವರು ತಮ್ಮ ಕೊನೆಯ ದೊರೆ ಕ್ವಾವ್ತೆಮೋಕನ ಜೊತೆ ಬಂದು ಸೇರಿದ್ದು ಹಳೇ ದಾಯಾದಿಯ ಊರಿಗೆ, ಇದೇ ಸಂತೆಮಾಳಕ್ಕೆ. ಸ್ಪೇನಿನವರು ಸಂತೆಯ ಮಧ್ಯದ ಕಟ್ಟೆಯ ಮೇಲೆ ಕಲ್ಲೆಸೆಯುವ ಯಂತ್ರ ಕಟ್ಟಿದರು. ಎಸೆದ ಕಲ್ಲು ನೆಟ್ಟಗೆ ಮೇಲೆ ಹೋಗಿ ಹೊರಟ ಜಾಗಕ್ಕೇ ಬಿತ್ತಂತೆ! ನಗು ಬರುವ ಸಂಗತಿ ಅದೊಂದೇ. ಒಳಗೆ ಹಸಿವು, ಉಪ್ಪುನೀರು. ಹಲ್ಲಿ, ಹಕ್ಕಿ, ಜೋಳದ ದಂಟು, ಚರ್ಮ ಎಲ್ಲ ತಿಂದರು. 1521ರ ಆಗಸ್ಟ್ 13ರಂದು ಕ್ವಾವ್ತೆಮೋಕ್ ದೋಣಿಯಲ್ಲಿ ಸೆರೆ ಸಿಕ್ಕಿದ.

ತ್ಲಾತೆಲೋಲ್ಕೋದವರೇ ನಾವಾತ್ಲಿನಲ್ಲಿ ಬರೆದುಕೊಂಡ ಒಂದು ಹಳೆಯ ವೃತ್ತಾಂತ ಇದೆ. ಮುತ್ತಿಗೆಯ ಆ ದಿನಗಳ ಬಗ್ಗೆ ಅವರು ಏನು ಹೇಳುತ್ತಾರೆ ಗೊತ್ತೇ? ನಮಗೆ ಬೆಲೆ ಕಟ್ಟಿದರು ಅಂತಾರೆ. ಹುಡುಗನಿಗೆ ಒಂದು ಬೆಲೆ, ಪೂಜಾರಿಗೆ ಒಂದು, ಬಡವನ ಬೆಲೆ ಎರಡು ಬೊಗಸೆ ಜೋಳ. ಚಿನ್ನ, ಪಚ್ಚೆ, ಗರಿ ಯಾವುದಕ್ಕೂ ಬೆಲೆ ಇಲ್ಲವಾಯಿತು ಅಂತಾರೆ. ಸಂತೆಯ ಜನ, ತಮ್ಮ ಸಾವನ್ನೂ ಸಂತೆಯ ಮಾತಿನಲ್ಲೇ ಹೇಳಿಕೊಂಡರು. ಆ ಸಾಲುಗಳನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಯುದ್ಧ ಮುಗಿದು ಹದಿನೈದು ವರ್ಷಕ್ಕೆ, 1536ರ ಜನವರಿ 6ರಂದು, ಅದೇ ಜಾಗದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಸಾಂತಾ ಕ್ರೂಸ್ ಎಂಬ ಶಾಲೆ ತೆರೆದರು. ಓದುವವರು ಸೋತವರ ಮಕ್ಕಳು, ಕಲಿಯುವುದು ಲ್ಯಾಟಿನ್, ತರ್ಕ, ಸಂಗೀತ. ಪಾದ್ರಿಗಳ ಉದ್ದೇಶ ಮತಪ್ರಚಾರ, ಅದರಲ್ಲೇನೂ ಗುಟ್ಟಿಲ್ಲ. ಆದರೆ ಆ ಹುಡುಗರಿಗೆ ಸಿಕ್ಕಿದ್ದು ಅಕ್ಷರ. ರೋಮನ್ ಅಕ್ಷರದಲ್ಲಿ ತಮ್ಮ ನಾವಾತ್ಲನ್ನು ಬರೆಯಲು ಕಲಿತರು. ಇಲ್ಲಿನ ಮಾರ್ತಿನ್ ದೆ ಲಾ ಕ್ರೂಸ್ ಎಂಬ ವೈದ್ಯ ಹೇಳಿದ ಗಿಡಮೂಲಿಕೆಯ ಪುಸ್ತಕವನ್ನು ಹುವಾನ್ ಬಾದಿಯಾನೋ ಲ್ಯಾಟಿನ್‌ಗೆ ತಂದದ್ದು 1552ರಲ್ಲಿ. ಇದಕ್ಕಿಂತ ದೊಡ್ಡ ಕೆಲಸ ಬೆರ್ನಾರ್ದಿನೋ ದೆ ಸಾಹಾಗುನ್ ಎಂಬ ಪಾದ್ರಿಯದು. ಅವನೂ ಆಂತೋನಿಯೋ ವಾಲೆರಿಯಾನೋ, ಮಾರ್ತಿನ್ ಹಾಕೋಬಿತಾ ಮುಂತಾದ ಶಿಷ್ಯರೂ ಸೇರಿ ಹಿರಿಯರನ್ನು ಕೂರಿಸಿಕೊಂಡು ಕೇಳಿ ಕೇಳಿ ಬರೆದರು. ದೇವರು, ತಿಥಿ, ಗಾದೆ, ಗಿಡ, ವರ್ತಕರು, ಸಂತೆ. ಕೊನೆಗೆ ಸುಮಾರು 1577ರ ಹೊತ್ತಿಗೆ ಹನ್ನೆರಡು ಭಾಗದ, ಸುಮಾರು 2,500 ಚಿತ್ರಗಳ ಗ್ರಂಥವಾಯಿತು. ಪುಟದಲ್ಲಿ ಎರಡು ಸಾಲು, ಒಂದು ಕಡೆ ನಾವಾತ್ಲ್, ಇನ್ನೊಂದು ಕಡೆ ಸ್ಪ್ಯಾನಿಷ್. ಈಗ ಇಟಲಿಯ ಫ್ಲಾರೆನ್ಸಿನಲ್ಲಿದೆ. ಖೋಟಾ ಕೋಕೋ ಮಾರುವವನು ಸಿಕ್ಕಿದ್ದು ಇದರ ಹತ್ತನೇ ಭಾಗದಲ್ಲಿ. ವರ್ತಕರ ಕಥೆ ಒಂಬತ್ತನೆಯದರಲ್ಲಿ: ದೂರದೇಶದಿಂದ ರಾತ್ರಿ ಹೊತ್ತು ಸದ್ದಿಲ್ಲದೆ ಊರು ಸೇರುವುದು, ತಂದ ಐಶ್ವರ್ಯ ತನ್ನದಲ್ಲ ಅನ್ನುವುದು, ದೊರೆಗಾಗಿ ವೇಷ ಮರೆಸಿ ಬೇಹುಗಾರಿಕೆ ಮಾಡುವುದು...

ಹನ್ನೆರಡನೆಯ ಭಾಗ ಯುದ್ಧದ್ದು. ಅದರಲ್ಲಿ ಒಂದು ತಮಾಷೆ. ಹೇಳಿದವರು ತ್ಲಾತೆಲೋಲ್ಕೋದವರು ತಾನೇ? ನಾವು ಕೊನೆತನಕ ಕಾದಾಡಿದೆವು, ಆ ದಕ್ಷಿಣದವರು ಜಾರಿಕೊಂಡರು ಅನ್ನುವ ದನಿ ಅಲ್ಲಲ್ಲಿ ಇಣುಕುತ್ತೆ. ಎಲ್ಲ ಕಳೆದುಹೋಗಿ ಮೂವತ್ತು ನಲವತ್ತು ವರ್ಷವಾದರೂ 1473ರ ದಾಯಾದಿ ಸಿಟ್ಟು ಹೋಗಿಲ್ಲ! ಸತ್ತ ಜನ ಅಂತ ಓದುತ್ತಿದ್ದವರು ಇದೊಂದು ಹೊಟ್ಟೆಕಿಚ್ಚಿನಿಂದ ನನಗೆ ಸಟ್ಟನೆ ಜೀವ ಬಂದು ಕೂತರು.

ಆ ಗ್ರಂಥದ ಅಚ್ಚುಕಟ್ಟು ಪ್ರತಿ ತಯಾರಾಗುತ್ತಿದ್ದಾಗ, 1576ರಲ್ಲಿ, ಮತ್ತೊಂದು ಮಹಾಮಾರಿ. ಅದರ ನಡುವೆಯೇ ಆ ಬರಹಗಾರರು, ಚಿತ್ರಗಾರರು ಕೆಲಸ ಮುಂದುವರಿಸಿದರು. ಕೊನೆಕೊನೆಯ ಚಿತ್ರಗಳಿಗೆ ಬಣ್ಣವಿಲ್ಲ. ಬಣ್ಣ ಸಿಗುವುದು ನಿಂತುಹೋಯಿತು ಅಂತ ವಿದ್ವಾಂಸರು ಹೇಳುತ್ತಾರೆ. ಮೇಲೆ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಯಾವ ಸಂತೆಯಲ್ಲಿ ಚಿತ್ರ ಬರೆಯುವವರಿಗೆ ಬೇಕಾದ ಬಣ್ಣವೆಲ್ಲ ಸಿಗುತ್ತಿತ್ತೋ, ಅದೇ ಊರಿನಲ್ಲಿ. ತಮ್ಮ ಊರು ಬಿದ್ದ ಕಥೆಯ ಚಿತ್ರಗಳನ್ನು ಅವರು ಬಹುಪಾಲು ಬರೀ ಕಪ್ಪು ಶಾಯಿಯಲ್ಲಿ ಬರೆದು ಮುಗಿಸಿದ್ದಾರೆ. ಇಡೀ ಗ್ರಂಥ ಅಂತರಜಾಲದಲ್ಲಿ ನೋಡಲು ಸಿಗುತ್ತೆ, ಗೆಟ್ಟಿ ಸಂಸ್ಥೆಯವರು 2023ರಲ್ಲಿ ಹಾಕಿದ್ದಾರೆ. ದಯವಿಟ್ಟು ಒಂದು ಸಲ ಹೋಗಿ ಆ ಎರಡು ಸಾಲುಗಳನ್ನು ನೋಡಿ. ಎಷ್ಟೋ ಕಡೆ ನಾವಾತ್ಲ್ ಉದ್ದಕ್ಕೆ ಹೇಳಿದ್ದನ್ನು ಸ್ಪ್ಯಾನಿಷ್ ಚುಟುಕಾಗಿ ಮುಗಿಸಿಬಿಡುತ್ತೆ, ಉಳಿದ ಖಾಲಿ ಜಾಗಕ್ಕೆ ಚಿತ್ರ ಹಾಕಿದ್ದಾರೆ. ಅಂದರೆ ಸ್ಪ್ಯಾನಿಷ್ ಮಾತ್ರ ಉಳಿದಿದ್ದರೆ ನಮಗೆ ಎಷ್ಟೋ ಸಿಗುತ್ತಲೇ ಇರಲಿಲ್ಲ.

ಮತ್ತೆ ಚೌಕಕ್ಕೆ ಬರೋಣ. ಚರ್ಚಿನ ಎದುರಿನ ಕಲ್ಲುಹಾಸಿನ ಬಯಲಿನಲ್ಲಿ ಒಂದು ಸ್ಮಾರಕ ಶಿಲೆ ಇದೆ. 1968ರ ಅಕ್ಟೋಬರ್ 2ರ ಸಂಜೆ ಇಲ್ಲಿ ಸೇರಿದ್ದ ವಿದ್ಯಾರ್ಥಿಗಳ ಸಭೆಯ ಮೇಲೆ ಗುಂಡು ಹಾರಿತು. ಇನ್ನು ಹತ್ತು ದಿನಕ್ಕೆ ಒಲಿಂಪಿಕ್ಸ್. ಸತ್ತವರೆಷ್ಟು ಅನ್ನುವುದು ಇವತ್ತಿಗೂ ಜಗಳದ ಮಾತು. 1993ರಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಇಪ್ಪತ್ತು ಹೆಸರು, ವಯಸ್ಸು ಇವೆ. ಹೆಸರು ಗೊತ್ತಿಲ್ಲದ ಇನ್ನೂ ಎಷ್ಟೋ ಜನ ಅಂತಲೂ ಕೆತ್ತಿದ್ದಾರೆ. ಆಗ ದೆಹಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದವರು ಕವಿ ಆಕ್ಟೇವಿಯೋ ಪಾಸ್, ಸುದ್ದಿ ಕೇಳಿ ಆ ಹುದ್ದೆಯನ್ನೇ ಬಿಟ್ಟರು. ಇಲ್ಲೂ ನಡೆದದ್ದು ಏನು ಅಂತ ಜನಕ್ಕೆ ಗೊತ್ತಾಗಿದ್ದು ಸರಕಾರದ ಹೇಳಿಕೆಯಿಂದಲ್ಲ. ಎಲೆನಾ ಪೊನಿಯಾತೋವ್ಸ್ಕಾ ಎಂಬ ಪತ್ರಕರ್ತೆ ಅಲ್ಲಿದ್ದವರನ್ನು, ಮಕ್ಕಳನ್ನು ಕಳಕೊಂಡ ತಾಯಂದಿರನ್ನು ಕೇಳಿ ಕೇಳಿ ಬರೆದು 1971ರಲ್ಲಿ ಪುಸ್ತಕ ಮಾಡಿದರು. ಸಾಹಾಗುನ್ ಶಿಷ್ಯರು ಕೂತು ಬರೆದ ಜಾಗದಿಂದ ಕೂಗಳತೆಯಲ್ಲೇ ನಡೆದ ಘಟನೆ ಅದು. 1985ರ ಸೆಪ್ಟೆಂಬರ್ 19ರ ಭೂಕಂಪದಲ್ಲಿ ಇದೇ ಬಡಾವಣೆಯ ನುಯೆವೋ ಲೆಯೋನ್ ಎಂಬ ಕಟ್ಟಡ ಕುಸಿದು ನೂರಾರು ಜನ ಸತ್ತರು. ಈ ಊರಿಗೆ ಎಷ್ಟು ಸಲ ಅಂತ!

ನಾನು ಹೋದಾಗ ಸತ್ತವರ ಹಬ್ಬ ಕಳೆದು ವಾರವಾಗಿತ್ತು. ಆ ಕಲ್ಲಿನ ಬುಡದಲ್ಲಿ ಚೆಂಡುಹೂಗಳು ಬಾಡಿ ಬಿದ್ದಿದ್ದವು. ನಮ್ಮ ಆಯುಧಪೂಜೆಯ ಅದೇ ಚೆಂಡುಹೂವು. ಅದರ ತವರು ಮೆಕ್ಸಿಕೋ ಅಂತ ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ನಾವಾತ್ಲಿನಲ್ಲಿ ಇದರ ಹೆಸರಿನ ಅರ್ಥ ಇಪ್ಪತ್ತರ ಹೂವು ಅಂತೆ. ಮೆಣಸಿನಕಾಯಿಯೂ ಅಲ್ಲಿಂದಲೇ. ನಾವು ಅದಕ್ಕೆ ಕರಿಮೆಣಸಿನ ಹೆಸರನ್ನೇ ಅಂಟಿಸಿ ನಮ್ಮದು ಮಾಡಿಕೊಂಡೆವು. ಆದರೆ ಟೊಮೇಟೊ ಅಂದರೆ ತೋಮತ್ಲ್, ಸಪೋಟ ಅಂದರೆ ತ್ಸಪೋತ್ಲ್. ಅರ್ಧ ಕೇಜಿ ಟೊಮೇಟೊ ಕೊಡಿ ಅಂತ ಬೆಂಗಳೂರಿನ ತಳ್ಳುಗಾಡಿಯ ಮುಂದೆ ನಿಂತಾಗ ಆ ಸಂತೆಯ ಒಂದು ಪದ ನಮ್ಮ ಬಾಯಲ್ಲಿ ಹೊರಳುತ್ತಿರುತ್ತೆ.

ಕಾವಲುಗಾರ ಕೈ ತೋರಿಸಿದ್ದ ಕಡೆಗೇ ಕೊನೆಗೆ ನಡೆದೆ. ಲಾಗುನಿಯಾದಲ್ಲಿ ಭಾನುವಾರ ಬೀದಿಯ ಉದ್ದಕ್ಕೂ ಸಂತೆ. ಇಂಥ ಬೀದಿ ಸಂತೆಗೆ ಅಲ್ಲಿನ ಜನ ತಿಯಾಂಗಿಸ್ ಅಂತಾರೆ. ಸ್ಪ್ಯಾನಿಷ್ ಪದವಲ್ಲ, ನಾವಾತ್ಲಿನ ತಿಯಾಂಕಿಸ್ತ್ಲಿ, ಸಂತೆ ಅಂತಲೇ ಅರ್ಥ. ಹಳೇ ನಾಣ್ಯ, ಮುರುಕು ಕುರ್ಚಿ, ಸಿನಿಮಾ ಪೋಸ್ಟರುಗಳ ಸಾಲು ದಾಟಿದರೆ ಮೂಲೆಯಲ್ಲಿ ಒಬ್ಬ ಅಜ್ಜಿ ನೆಲದ ಮೇಲೆ ಬಟ್ಟೆ ಹಾಸಿ ಬೆಣ್ಣೆಹಣ್ಣು ಗುಡ್ಡೆ ಹಾಕಿ ಕೂತಿದ್ದಳು. ತಕ್ಕಡಿ ಇಲ್ಲ. ಒಂದು ಗುಡ್ಡೆಗೆ ಬೆರಳು ತೋರಿಸಿದೆ. ಅವಳು ಹಣ್ಣುಗಳನ್ನು ಒಂದೊಂದೇ ಹೆಬ್ಬೆರಳಲ್ಲಿ ಮೆತ್ತಗೆ ಒತ್ತಿ ನೋಡುತ್ತ, ಇವತ್ತಿಗೋ ನಾಳೆಗೋ ಅಂತ ಕೇಳಿದಳು. ಇವತ್ತಿಗೇ ಅಂದೆ. ಗುಡ್ಡೆಯಲ್ಲಿದ್ದ ಗಟ್ಟಿ ಹಣ್ಣನ್ನು ತೆಗೆದಿಟ್ಟು ಬೇರೆ ಹಾಕಿದಳು. ಇಪ್ಪತ್ತು ಪೆಸೋ ನೋಟು ಕೊಟ್ಟು ಹೊರಟರೆ ಕರೆದು, ಪಿಲೋನ್ ಅಂತ ಹೇಳಿ ಇನ್ನೊಂದು ಪುಟ್ಟ ಹಣ್ಣು ಚೀಲಕ್ಕೆ ಹಾಕಿದಳು. ಪಿಲೋನ್ ಅಂದರೆ ಕೊಸರು. ನಮ್ಮಮ್ಮ ಜಗಳ ಮಾಡಿ ಹಾಕಿಸಿಕೊಳ್ಳುತ್ತಿದ್ದದ್ದು, ಇವಳು ಕೇಳದೇ ಕೊಟ್ಟಳು.